ಬಾಯಾರಿದ ಗಿಡಗಳ ಕಹಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಜಿನ ಮನೆಯೊಳಗೆ ಕಹಿಯಕ್ಕ ನೀರಿನ ಪೈಪು ಹಿಡಿದು ನಿಂತಿದ್ದಾಳೆ. ನಲ್ಲಿ ಮಾತ್ರ ತಿರುಗಿಸುತ್ತಿಲ್ಲ. ನಿತ್ಯಪುಷ್ಪದ ಗಿಡಗಳು ಜೋಲುಮುಖ ಹಾಕಿಕೊಂಡಿವೆ. ಮಣ್ಣಿಗೆ ಬೆರಳಿಳಿಸಿ ನೋಡುತ್ತಾಳೆ: ಒಣಗಿದೆ, ಸಾಯುವಷ್ಟಲ್ಲ. "ತಡ್ಕೊಳ್ರಪ್ಪಾ, ಇನ್ನೊಂದೇ ಗಳಿಗೆ," ಎಂದು ರಮಿಸುತ್ತಾಳೆ. ನಿನ್ನೆ ಲ್ಯಾಬಿಗೆ ಕೊಟ್ಟ ಎಲೆಯ ಫಲಿತಾಂಶ ಬರುವತನಕ ಹನಿ ನೀರೂ ಇಲ್ಲ.

ಇದು ಔಷಧಿ ಕಾರ್ಖಾನೆಯ ತೋಟ. ಈ ಎಲೆಯ ಕಹಿಸತ್ವ, ಅಂದರೆ ಆಲ್ಕಲಾಯ್ಡ್, ರಕ್ತದ ಕ್ಯಾನ್ಸರಿಗೆ ಮದ್ದಾಗುತ್ತದೆ. ಗಿಡವೇನೂ ನಮಗಾಗಿ ಅದನ್ನು ಅರೆದಿಡುವುದಿಲ್ಲ. ಹುಳ ಬಂದರೆ ಓಡಲು ಅದಕ್ಕೆ ಕಾಲಿಲ್ಲ. ಹಾಗಾಗಿ ಎಲೆಯೊಳಗೇ ವಿಷದ ಅಡುಗೆ ಹೂಡುತ್ತದೆ. ನೀರು ತುಸು ಕಡಿಮೆಯಾದರೆ ಕಹಿ ಇನ್ನೂ ಗಟ್ಟಿ.

ಇದನ್ನು ಕಲಿಯಲು ಕಹಿಯಕ್ಕ ಹೋದ ಸಲದ ಇಡೀ ಬೆಳೆಯನ್ನೇ ಕೆಡಿಸಿದ್ದಾಳೆ. "ಬಾಡಿದ ಮುಖ ನೋಡೋಕಾಗ್ಲಿಲ್ಲ. ಮೇಸ್ತ್ರಿ ಕಣ್ಣು ತಪ್ಪಿಸಿ ನೀರು ಕುಡಿಸ್ಬಿಟ್ಟೆ. ಎಲೆ ಏನು ಸೊಂಪು ಅಂತೀರಿ! ಕಹಿ ಮಾತ್ರ ಕೈಕೊಡ್ತು." ಲ್ಯಾಬಿನ ಮೇಡಂ ಗದರಲಿಲ್ಲ, ಕೂರಿಸಿಕೊಂಡು ತಿಳಿಹೇಳಿದರು. ಮೇಸ್ತ್ರಿ ಬಿಡಬೇಕಲ್ಲ: "ಈ ಸಲವೂ ಎಲೆ ಸಪ್ಪೆಯಾದ್ರೆ, ಪ್ಯಾಕಿಂಗಿನಲ್ಲಿ ಡಬ್ಬಿಗೆ ಚೀಟಿ ಅಂಟಿಸೋಕೆ ಹೋಗು ತಾಯಿ!"

ತೋಟ ಬಿಟ್ಟು ಹೋಗುವುದೆಂದರೆ ಅವಳಿಗೆ ಕರುಳು ಕಿತ್ತಂತೆ. ಅಣ್ಣನ ಮಗಳು ಪುಟ್ಟಿ ಬದುಕಿದ್ದು ಇದೇ ಮದ್ದಿನಿಂದ. "ಮದ್ದು ಏರಿಸೋವಾಗ ಮಗೂನೂ ಹಿಂಗೇ ಬಾಡಿತ್ತು. ಅದಕ್ಕೇ ಬಾಡಿದ್ದು ಕಂಡ್ರೆ ಕೈ ನಲ್ಲಿ ಕಡೆಗೇ ಹೋಗುತ್ತೆ. ಈಗ ಅವಳಿಗೆ ಜಡೆ ಹೆಣೆದೂ ಹೆಣೆದೂ ನನ್ನ ಕೈ ಸೋಲುತ್ತೆ. ಅದ್ಯಾವ ತೋಟದ ಎಲೆಯೋ, ಯಾರು ಮನಸ್ಸು ಗಟ್ಟಿ ಮಾಡಿ ಬೆಳೆಸಿದ್ರೋ! ಅವರ ಹೊಟ್ಟೆ ತಣ್ಣಗಿರಲಿ."

ಬಾಗಿಲಲ್ಲಿ ಮೇಡಂ ಕಾಣಿಸುತ್ತಾರೆ. "ಅಕ್ಕಾ, ಸತ್ವ ಬೇಕಾದಷ್ಟಿದೆ. ಕೊಯ್ಯಿರಿ."

"ಪರ್ವಾಗಿಲ್ವೇ, ಮನಸ್ಸು ಕಲ್ಲು ಮಾಡ್ಕೊಂಡೆಯಲ್ಲ!" ಎನ್ನುತ್ತಾನೆ ಅವರ ಹಿಂದೆಯೇ ಬಂದ ಮೇಸ್ತ್ರಿ.

"ನಿನ್ನ ಸಹವಾಸ ಕಣಯ್ಯಾ," ಎನ್ನುತ್ತಾ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕತ್ತರಿ ಎತ್ತಿಕೊಳ್ಳುತ್ತಾಳೆ. ಬುಡ ಬಿಟ್ಟು ಮೇಲಷ್ಟೇ ಕೊಯ್ಲು. ಗಿಡ ಮತ್ತೆ ಚಿಗುರಬೇಕು. ಕೊನೆಯ ಬುಟ್ಟಿ ತುಂಬಿದ ಮೇಲೆ ಓಡಿಹೋಗಿ ನಲ್ಲಿ ತಿರುಗಿಸುತ್ತಾಳೆ. ಮಣ್ಣು ಗಟಗಟನೆ ಕುಡಿಯುತ್ತದೆ.

ಆಸೆಯೇನಾದರೂ ಇದೆಯೇ ಎಂದು ಕೇಳುತ್ತೇನೆ.

"ಒಂದ್ಸಲ ಪುಟ್ಟಿ ಕೈಯಿಂದ ಇವಕ್ಕೆ ನೀರು ಹಾಕಿಸ್ಬೇಕು," ಎನ್ನುತ್ತಾಳೆ. ಆಮೇಲೆ ನಗುತ್ತಾಳೆ. "ಕೊಯ್ಲಾದ್ಮೇಲೇ ಕರ್ಕೊಂಡು ಬರ್ಬೇಕು, ಮತ್ತೆ! ಮೊದ್ಲೇ ಹಾಕ್ಬಿಟ್ಟಾಳು. ಅತ್ತೆಯ ಬುದ್ಧಿ ಎಲ್ಲಿ ಹೋಗುತ್ತೆ?"