ನಾನು ಬೇಡಿದ್ದು ಡೀಸೆಲ್ ಪಂಪು

ಶರಣ ಬಂಧುಗಳಿಗೆ ದೋಣಿ ನಡೆಸುವವನೊಬ್ಬನ ಶರಣಾರ್ಥಿ. ಎರಡು ಸಾವಿರದ ಮೂರನೇ ಇಸವಿಯ ಶ್ರಾವಣದಲ್ಲಿ ನನ್ನ ಹೆಂಡತಿ ಗಂಗಮ್ಮನಿಗೆ ಕ್ಷಯ ಮರುಕಳಿಸಿತ್ತು. ವಾರಕ್ಕೆ ಮೂರು ಸಲ ಹುಮನಾಬಾದಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಬೇಕು. ನಮ್ಮದು ಹಿನ್ನೀರಿನ ದಂಡೆಯ ಹಳ್ಳಿ. ಬಸ್ಸಿನ ದಾರಿ ಎದುರು ದಂಡೆಯಲ್ಲಿ. ಮಳೆಗೆ ಗಾಡಿದಾರಿ ಮುಳುಗಿದ ಮೇಲೆ ನನ್ನ ದೋಣಿಯೇ ಗತಿ. "ಒಂದ್ ಸೂಜೀನೂ ತಪ್ಪಿಸಬ್ಯಾಡ್ರಿ. ತಪ್ಪಿದ್ರ ಈ ಮದ್ದೂ ನಾಟಂಗಿಲ್ಲ" ಎಂದಿದ್ದರು ಡಾಕ್ಟರು.

ಅದೇ ಹೊತ್ತಿಗೆ ಇಂಜಿನ್ನು ಕೈಕೊಟ್ಟಿತು. ದೋಣಿಯೊಳಗೇ ಕೂರಿಸಿದ ಡೀಸೆಲ್ ಇಂಜಿನ್ನು ಅದು. ದಂಡೆಯಲ್ಲಿ ಚೆನ್ನಾಗಿ ಚಾಲೂ ಆಗಿ, ನಡುನೀರಿಗೆ ಬಂದೊಡನೆ ಕೆಮ್ಮಿ ನಿಲ್ಲುತ್ತಿತ್ತು. ಬಸವಕಲ್ಯಾಣದ ಮಿಸ್ತ್ರಿ, "ಪಂಪ್ ಖರಾಬ್ ಆಗ್ಯಾದ. ಡೀಸೆಲ್ ಎಳ್ಯಂಗಿಲ್ಲ. ಹೊಸಾದು ಹಾಕ್ರಿ" ಎಂದ. ಹೊಸ ಪಂಪು ಕೊಂಡು ತಂದೆ. ಸೊಂಟ ಮುರಿಯುವಂತೆ ಬಗ್ಗಿ ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಪೈಪಿನ ಗಾಳಿ ತೆಗೆದೆ. ಮರುದಿನ ಮತ್ತೆ ನಡುನೀರಲ್ಲೇ ನಿಂತಿತು. ಎದುರುಗಾಳಿಗೆ ಹುಟ್ಟು ಸಾಗದೆ ಹಿಂದಕ್ಕೆ ಬಂದೆವು. ಆ ಪಂಪನ್ನೂ ಬದಲಿಸಿಕೊಂಡು ಬಂದು ಹಾಕಿದೆ. ಅದೂ ಅಷ್ಟೇ. ಎರಡು ಸೂಜಿ ತಪ್ಪಿದವು.

ನಾನು ಸಿಟ್ಟಿನ ಮನುಷ್ಯ. ಪಂಪನ್ನು ಬೈದೆ, ಮಿಸ್ತ್ರಿಯನ್ನು ಬೈದೆ, ಶಿವನನ್ನೂ ಬಿಡಲಿಲ್ಲ. ಬೈದದ್ದಕ್ಕೆ ಹೆದರಿ ಮತ್ತೆ ಪೂಜೆ ಮಾಡಿದೆ.

ಸೋಮವಾರ ಮತ್ತೆ ಹೊರಟೆವು. ನಡುನೀರಲ್ಲಿ ಅದೇ ಹಾಡು. ಹುಟ್ಟು ಹಿಡಿಯಲೂ ಕೈ ಏಳಲಿಲ್ಲ. "ಶಿವಾ, ನನ್ನ ಕೈಲಿಂದ ಆಗವಲ್ದು. ಇಕಿಗಿ ದಂಡಿ ಮುಟ್ಸು" ಎಂದು ಅತ್ತೇಬಿಟ್ಟೆ.

ಗಂಗಮ್ಮ ಇಂಜಿನ್ನಿನ ಪಕ್ಕ ಒರಗಿದ್ದಳು. ಟ್ಯಾಂಕಿನ ಮುಚ್ಚಳ ನೋಡುತ್ತ, "ಎಷ್ಟರೆ ವಿಭೂತಿ ಮೆತ್ತೀರಿ? ಅದಕ್ಕೂ ನನ್ನಂಗ ಉಸರು ಕಟ್ಟಿರಬೇಕು" ಎಂದಳು.

ಚೇಷ್ಟೆಗೆ ಆಡಿದ ಮಾತು. ನಾನು ಮುಚ್ಚಳದ ಕಡೆ ಬಗ್ಗಿದೆ. ಆ ಮುಚ್ಚಳಕ್ಕೆ ಸಾಸಿವೆಯಷ್ಟು ತೂತಿರುತ್ತದೆ. ಅದರಿಂದ ಗಾಳಿ ಒಳಹೋದರೆ ಮಾತ್ರ ಡೀಸೆಲ್ ಪಂಪಿಗೆ ಹರಿಯುತ್ತದೆ. ಶ್ರಾವಣ ಸೋಮವಾರವೆಂದು ಒಮ್ಮೆ, ಇಂಜಿನ್ನು ಕೆಟ್ಟಿತೆಂದು ಇನ್ನೊಮ್ಮೆ, ನೀರಲ್ಲಿ ಕಲಸಿದ ವಿಭೂತಿಯನ್ನು ನಾನು ಅಲ್ಲೇ ಬಳಿದಿದ್ದೆ. ಒಣಗಿ ಗಾರೆಯಾಗಿತ್ತು. ಡೀಸೆಲ್ ಹಾಕಲು ಮುಚ್ಚಳ ತೆಗೆದಾಗ ಒಳಹೋದ ಗಾಳಿ ನಡುನೀರಿನ ತನಕ ಸಾಕಾಗುತ್ತಿತ್ತು, ಅಷ್ಟೇ. ಮುಚ್ಚಳ ತಿರುವಿದೆ. ಸುಯ್ ಎಂದು ಗಾಳಿ ನುಗ್ಗಿತು. ಅವಳ ಸೆರಗಿನ ಪಿನ್ನಿನಿಂದ ತೂತು ಬಿಡಿಸಿದೆ. ಇಂಜಿನ್ನು ಎದುರು ದಂಡೆಯವರೆಗೆ ನಿಲ್ಲಲಿಲ್ಲ.

ಹುಮನಾಬಾದು ಮುಟ್ಟಿದಾಗ ಸಿಸ್ಟರು ಸೂಜಿ ಕೋಣೆಗೆ ಕೀಲಿ ಹಾಕುತ್ತಿದ್ದರು. ಗಂಗಮ್ಮನ ಮುಖ ನೋಡಿ, "ಒಳಗ ಬರ್ರಿ ತಾಯಿ" ಎಂದು ಮತ್ತೆ ತೆರೆದರು. ತಪ್ಪಿದ ಎರಡನ್ನೂ ಕೊನೆಗೆ ಸೇರಿಸಿ ಹಾಕಿದರು. ಆಮೇಲೆ ಒಂದೂ ತಪ್ಪಲಿಲ್ಲ.

ನಾನು ಬೇಡಿದ್ದು ಒಳ್ಳೆಯ ಪಂಪು. ಶಿವ ನನ್ನ ಹೆಂಡತಿಯ ಬಾಯಿಂದ ನನ್ನ ತಪ್ಪು ತೋರಿಸಿದ. ಕೊಟ್ಟಿದ್ದೂ ಅವಳನ್ನೇ. ಬಂಧುಗಳೇ, ನನ್ನ ನಂಬಿಕೆ ಈಗ ಮೊದಲಿಗಿಂತ ಗಟ್ಟಿ. ಮೆತ್ತುವುದು ಮಾತ್ರ ಕಡಿಮೆ.

ದಂಡೆಯಿಂದ ಮನೆಗೆ ಏರುದಾರಿ. ಮೊದಲು ಅವಳಿಗಾಗಿ ನಾಲ್ಕು ಕಡೆ ನಿಲ್ಲುತ್ತಿದ್ದೆ. ಈಗ ದಮ್ಮು ಹತ್ತಿ ನಿಲ್ಲುವವನು ನಾನು. ಅವಳು ಮೇಲೆ ನಿಂತು, "ಲಗೂನ ಬರ್ರಿ, ಎಷ್ಟೊತ್ತು ಕಾಯ್ಬೇಕು?" ಎಂದು ಗದರುತ್ತಾಳೆ. ಆ ಗದರಿಕೆ ಕೇಳಿದಾಗಲೆಲ್ಲ ನಿಂತಲ್ಲೇ ಕೈ ಮುಗಿಯುತ್ತೇನೆ.