ಗಿರಿಜೆ ಕಟ್ಟಿದ ಚೆಕಿಂಗ್ ಪ್ರೋಗ್ರಾಮ್

ಕರ್ರ್, ಕರ್ರ್ ಎಂದು ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು ಆ ಪ್ರಿಂಟರ್. ಮೊನ್ನೆ ಮೆಡಿಕಲ್ ಶಾಪಿನಲ್ಲಿ ಬಿಲ್ ಹೊರಬರುವಾಗ ಅದೇ ಸದ್ದು ಕೇಳಿ, ಮಾತ್ರೆ ಇಸಿದುಕೊಳ್ಳುವುದನ್ನೇ ಮರೆತು ನಿಂತುಬಿಟ್ಟೆ. ಸಿಲ್ಲಿ ಓಲ್ಡ್ ವುಮನ್ ಅಂದುಕೊಳ್ಳಿ, ಬೇಜಾರಿಲ್ಲ.

ಎಂಬತ್ತರ ದಶಕದ ಕೊನೆ. ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರರೊಬ್ಬರು ಮಹಡಿಯ ಮೇಲೆ ಕಂಪ್ಯೂಟರ್ ಇಟ್ಟು, ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಮ್ ಬರೆಸುತ್ತಿದ್ದರು. ಬರೆಯುವವರು ಇಬ್ಬರೇ: ಕಾನ್ವೆಂಟ್ ಇಂಗ್ಲಿಷಿನ ಜಂಬದ ನಾನು, ಹೊನ್ನವಳ್ಳಿಯಿಂದ ಬಸ್ಸಿನಲ್ಲಿ ಬರುವ ಗಿರಿಜೆ. ನನ್ನ ಇಂಗ್ಲಿಷಿಗೆ ಕಂಪ್ಯೂಟರ್ ಸೊಪ್ಪು ಹಾಕುತ್ತಿರಲಿಲ್ಲ, ಅದು ಬೇರೆ ಮಾತು. ಕೆಲಸ ಪರ್ಮನೆಂಟ್ ಆದರೆ ಕಳಿಸುತ್ತೇನೆ, ಇಲ್ಲವಾದರೆ ಮದುವೆ ಎಂದು ಗಿರಿಜೆಯ ಅಪ್ಪ ಹೇಳಿಬಿಟ್ಟಿದ್ದರು.

ಗಿರಿಜೆ ತಾನಾಗಿಯೇ ಒಂದು ಚೆಕಿಂಗ್ ಪ್ರೋಗ್ರಾಮ್ ಕಟ್ಟಿದಳು. ನಾವು ಬರೆದದ್ದನ್ನು ಓಡಿಸುವ ಮೊದಲೇ ಅದು ಸಾಲುಸಾಲಾಗಿ ಓದಿ, ಇಲ್ಲಿ ತೂಕ ಕೊಡದೆ ಲೆಕ್ಕ ಹಾಕಿದ್ದೀರಿ ಎಂಬಂಥ ತಪ್ಪುಗಳನ್ನು ಪ್ರಿಂಟ್ ಹೊಡೆಯುತ್ತಿತ್ತು. ಇದರಿಂದ ಉಪಯೋಗ ಇದೆಯೋ ಇಲ್ಲವೋ ಅಳೆದು ತೋರಿಸಿ, ಪರ್ಮನೆಂಟ್ ಮಾತು ಆಮೇಲೆ ಎಂದರು ಸಾಹುಕಾರರು. ಅವಳು ಅದನ್ನಿಟ್ಟುಕೊಂಡು ಒಂದು ಪ್ರೋಗ್ರಾಮ್, ನಾನು ಅದಿಲ್ಲದೆ ಇನ್ನೊಂದು ಬರೆಯುವುದು. ಸಿಕ್ಕ ತಪ್ಪುಗಳನ್ನು ಎಣಿಸುವುದು. ವೆರಿ ಸೈಂಟಿಫಿಕ್ ಎಂದು ನಾನೂ ಬೀಗಿದೆ.

ಅವಳ ಕಡೆ ಪ್ರಿಂಟರ್ ನಿಲ್ಲಲೇ ಇಲ್ಲ. ಮಾರುದ್ದ ಹಾಳೆ ತುಂಬ ತಪ್ಪು. ಒಂದೊಂದನ್ನೂ ಕೂತು ತಿದ್ದಿದಳು. ನನ್ನದರಲ್ಲಿ ಕಣ್ಣಿಗೆ ಬಿದ್ದದ್ದೇ ಕೆಲವು. ನೀವು ಮಂಡಿ ನೋಡಿದ್ದರೆ ಗೊತ್ತಿರುತ್ತದೆ: ಕೊಬ್ಬರಿ ರಾಶಿಗೆ ಕೈಹಾಕಿ ನಾಲ್ಕು ಉಂಡೆ ತೆಗೆಯುತ್ತಾರೆ, ಬೂಷ್ಟು ಹಿಡಿದದ್ದು ಸಿಕ್ಕರೆ ಇಡೀ ರಾಶಿಯ ದರ ಬೀಳುತ್ತದೆ. ಸಾಹುಕಾರರ ಕೈ ಪಳಗಿದ್ದು ಅಲ್ಲೇ.

"ಕೆದಕಿದಷ್ಟೂ ಕೆಟ್ಟದ್ದೇ ಬತ್ತೈತಲ್ಲಮ್ಮ. ಇಂಥ ರಾಶಿ ಯಾರು ತಗಂತಾರೆ?"

ಇಲ್ಲಿ ಸಿಕ್ಕ ತಪ್ಪು ಅಂಗಡಿಗೆ ಹೋಗುವುದಿಲ್ಲ ಸಾರ್, ನನ್ನವು ಇನ್ನೂ ಒಳಗೇ ಕೂತಿವೆ ಎಂದು ಹೇಳಿ ನೋಡಿದೆ. ಫ್ರೆಂಡ್ ಪರ ಮಾತಾಡ್ತೀರ ಎಂದು ನಕ್ಕರು. ಪರ್ಮನೆಂಟ್ ಆಗದೆ ಆ ತಿಂಗಳೇ ಗಿರಿಜೆ ಕೆಲಸ ಬಿಟ್ಟು ಮನೆಗೆ ಹೋದಳು.

ನನ್ನ ಪ್ರೋಗ್ರಾಮ್ ಅಂಗಡಿಗಳಿಗೆ ಹೋಯಿತು. ತಪ್ಪುಗಳು ಗಿರಾಕಿಗಳ ಮುಂದೆಯೇ ಒಂದರ ಹಿಂದೊಂದು ಹೊರಬಿದ್ದವು. ಕಂಪ್ಯೂಟರ್ ಜಾತಿಯೇ ಹೀಗೆ ಎಂದು ಸಾಹುಕಾರರು ಅದಕ್ಕೆ ಬಟ್ಟೆ ಹೊದಿಸಿದರು. ಅಳೆದ ರೀತಿಯೇ ತಪ್ಪಾಗಿತ್ತೇನೋ ಎಂದು ಯಾರೂ ಕೇಳಲಿಲ್ಲ.

ಗಿರಿಜೆಯನ್ನು ಕೊನೆಯ ಸಲ ಕಂಡದ್ದು ನೊಣವಿನಕೆರೆ ಬಸ್ಸಿನಲ್ಲಿ, ತೊಡೆಯ ಮೇಲೆ ಮಗು. ನನ್ನ ಪ್ರೋಗ್ರಾಮ್ ಏನಾಯಿತೆಂದು ಕೇಳಿದಳು. ಸಂತೋಷಪಡಲಿ ಎಂದು ಎಲ್ಲ ಹೇಳಿದೆ. ಬಂದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಅವಳ ಚೆಕಿಂಗ್ ಮೊದಲೇ ಹಿಡಿದುಬಿಡುತ್ತಿದ್ದಂಥವು, ಅವಳೇ ಸರಿ ಎಂದೆ.

ಮಗುವಿನ ಕುಲಾವಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು.

"ಇದ್ನ ಹೇಳಬಾರ್ದಿತ್ತು ಕಣಕ್ಕ. ನಂದೇ ತಪ್ಪು ಅಂದ್ಕಂಡು ಹೆಂಗೋ ಸುಮ್ಕಾಗಿದ್ದೆ."