ಕಾಕಾನ ಚಹಾ, ನನ್ನ ಲೆಕ್ಕ

ಹೆಣ್ಣುಮಕ್ಕಳನ್ನು ಓದಿಸುವುದು ಬಲು ತುಟ್ಟಿ ಎಂದು ನಮ್ಮಪ್ಪ ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಎಂಬತ್ತರ ಸುಮಾರಿನ ಮಾತು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಶಿರಹಟ್ಟಿಯಿಂದ ಗದಗಿನ ಕಾಲೇಜಿಗೆ ನನಗಿಂತ ಮೊದಲು ಅಣ್ಣನೂ ಹೋಗಿದ್ದ. ಅವನಿಗೂ ಬಸ್ ಪಾಸು, ನನಗೂ ಬಸ್ ಪಾಸು. ಅವನ ಬುತ್ತಿಯಲ್ಲಿ ಮೂರು ರೊಟ್ಟಿ, ನನ್ನದರಲ್ಲಿ ಎರಡು. ಹಾಗಾದರೆ ನಾನು ತುಟ್ಟಿಯಾದದ್ದು ಎಲ್ಲಿ?

ಕಾಕಾನಿಂದ. ಅಪ್ಪನ ತಮ್ಮ, ಕೆಲಸ ಬೊಗಸೆ ಇಲ್ಲದ ಮನುಷ್ಯ. ಹೆಣ್ಣುಮಗಳು ಒಬ್ಬಳೇ ಬಸ್ಸಿನಲ್ಲಿ ಹೋಗಬಾರದೆಂದು ದಿನಾ ಅವನನ್ನು ನನ್ನ ಜೊತೆ ಕಳಿಸುತ್ತಿದ್ದರು. ಅವನಿಗೆ ಪೂರ್ತಿ ಟಿಕೀಟು. ನಾನು ಕ್ಲಾಸಿನಲ್ಲಿರುವಷ್ಟು ಹೊತ್ತೂ ಅವನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, ಮೇಲಿಂದ ಮೇಲೆ ಚಹಾ ಕುಡಿಯುತ್ತ ಕೂತಿರುತ್ತಿದ್ದ. ಆ ಖರ್ಚೆಲ್ಲ ಸಂಜೆ ನನ್ನ ಹೆಸರಿಗೆ! ಪೆನ್ನಿನ ಒಂದು ರೀಫಿಲ್ಲಿಗಾಗಿ ನಾನು ಮೂರು ದಿನ ಬೇಡಬೇಕು. ನಿನ್ನ ಮೇಲೆ ಈಗಾಗಲೇ ಎಷ್ಟು ಖರ್ಚಾಗಿದೆ ಗೊತ್ತೇನು ಎಂದು ಅಪ್ಪ ಗದರುತ್ತಿದ್ದರು. ಆ ಹೋಟೆಲಿನ ಚಹಾ ಸಿಹಿಯಿತ್ತೋ ಕಹಿಯಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಪಿಯುಸಿ ಎರಡನೇ ವರ್ಷದ ಪರೀಕ್ಷೆಗೆ ಎರಡು ತಿಂಗಳಿತ್ತು. ಒಂದು ಸಂಜೆ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಹೊಸ ಸಿನಿಮಾಕ್ಕೆ ಹೋಗಿ ಕೂತಿದ್ದನಂತೆ ಮಹಾರಾಯ. ಒಂದು ಬಸ್ಸು ಬಿಟ್ಟು ಕಾದೆ, ಎರಡನೆಯದನ್ನು ಹತ್ತಿದೆ. ಪಕ್ಕದಲ್ಲಿದ್ದ ಮುದುಕಿ ಸೊರಟೂರಿನಲ್ಲಿ ಇಳಿಯುವಾಗ ಒಂದು ಮುಷ್ಟಿ ಶೇಂಗಾ ಕೊಟ್ಟಳು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಮನೆಗೆ ಬಂದವಳೇ, ಒಬ್ಬಳೇ ಬಂದೆ, ಇನ್ನು ಕಾಕಾನ ಖರ್ಚು ಉಳಿಯುತ್ತದೆ ಎಂದು ಖುಷಿಯಿಂದ ಹೇಳಿದೆ. ಎಂಥ ದಡ್ಡಿ ನಾನು!

ಅಪ್ಪನ ಮುಖ ಗಂಟಿಕ್ಕಿತು. ನೋಡಿದವರು ಏನೆಂದಾರು ಎಂದರು. ಕತ್ತಲಾದ ಮೇಲೆ ಬಂದ ಕಾಕಾನನ್ನು ಎಲ್ಲಿದ್ದೆ ಎಂದು ಸಹ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

"ನೀ ಕಲ್ತಿದ್ದು ಸಾಕು. ನಾಳಿಂದ ಕಾಲೇಜ್ ಬ್ಯಾಡ," ಎಂದರು ನನಗೆ.

ಅಪ್ಪನಿಗೆ ಎಂದೂ ಎದುರಾಡದ ಅವ್ವ ಅವತ್ತು ಒಲೆಯ ಮುಂದಿನಿಂದ ಎದ್ದು ಬಂದಳು. "ತುಟ್ಟಿ ಆಕಿ ಅಲ್ಲರಿ. ನಿಮ್ಮ ತಮ್ಮ ತುಟ್ಟಿ."

ಅಪ್ಪ ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಪರೀಕ್ಷೆಗೆ ಕೂಡಲಿಲ್ಲ. ಆಮೇಲೂ ಕೂಡಲಿಲ್ಲ.

ಮರುದಿನ ನನ್ನ ಪಾಸಿನಲ್ಲಿ ಇನ್ನೂ ಹನ್ನೆರಡು ದಿನ ಉಳಿದಿದ್ದವು. ಕಾಕಾ ಎಂದಿನಂತೆ ಜಳಕ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿ, ಅಪ್ಪನಿಂದ ರೊಕ್ಕ ಇಸಿದುಕೊಂಡು ಗದಗಿನ ಬಸ್ಸಿಗೆ ಹೊರಟ. ಏನೋ ಕೆಲಸವಿದೆಯಂತೆ. ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಅವನ ಬುತ್ತಿಗೆ ರೊಟ್ಟಿ ಬಡಿದುಕೊಟ್ಟವಳು ನಾನು.